ಡೆಹ್ರಾಡೂನ್: ಗಂಗೆ–ಯಮುನೆಯರ ನಡುವಿನ ಕಣಿವೆಗೆ ಹೊರಡುವ ಮುನ್ನ

ಡೆಹ್ರಾಡೂನ್ ಉತ್ತರಾಖಂಡ ರಾಜ್ಯದ ರಾಜಧಾನಿ ಮತ್ತು ಅದೇ ಹೆಸರಿನ ಜಿಲ್ಲೆಯ ಕೇಂದ್ರಸ್ಥಳ. ಉತ್ತರಕ್ಕೆ ಮಸ್ಸೂರಿಯ ಬೆಟ್ಟಸಾಲು, ದಕ್ಷಿಣಕ್ಕೆ ಶಿವಾಲಿಕ್ ಗುಡ್ಡಗಳು, ಪೂರ್ವದ ಅಂಚಿನಲ್ಲಿ ಗಂಗೆ, ಪಶ್ಚಿಮದ ಅಂಚಿನಲ್ಲಿ ಯಮುನೆ. ಈ ನಾಲ್ಕರ ನಡುವೆ ಸಿಕ್ಕಿಕೊಂಡ ದೂನ್ ಕಣಿವೆಯಲ್ಲಿ ನಗರವಿದೆ. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರ. ಹಿಮಾಲಯದ ಊರೆಂದು ಸ್ವೆಟರ್ ಹೊರೆ ಹೊತ್ತು ಮೇ ತಿಂಗಳಲ್ಲಿ ಬಂದಿಳಿಯುವವರು ಇದನ್ನು ಗಮನಿಸಬೇಕು: ಬೆಂಗಳೂರೇ ಇದಕ್ಕಿಂತ ಹೆಚ್ಚು ಎತ್ತರದಲ್ಲಿದೆ. 2000ದ ನವೆಂಬರ್ 9ರಂದು ಉತ್ತರ ಪ್ರದೇಶದಿಂದ ಹೊಸ ರಾಜ್ಯ ಬೇರ್ಪಟ್ಟಾಗ ಡೆಹ್ರಾಡೂನ್ ರಾಜಧಾನಿಯಾಯಿತು. 2020ರಲ್ಲಿ ಗೈರ್‌ಸೈಣ್ ಅನ್ನು ಬೇಸಿಗೆ ರಾಜಧಾನಿ ಎಂದು ಘೋಷಿಸಿದರೂ ಸರ್ಕಾರದ ದಿನನಿತ್ಯದ ವಹಿವಾಟು ನಡೆಯುವುದು ಇಲ್ಲಿಂದಲೇ.

ದಕ್ಷಿಣದಿಂದ ಬರುವ ಬಹುಪಾಲು ಯಾತ್ರಿಕರಿಗೆ ಡೆಹ್ರಾಡೂನ್ ಎಂದರೆ ವಿಮಾನವೋ ರೈಲೋ ಇಳಿದು ಟ್ಯಾಕ್ಸಿ ಹತ್ತುವ ಜಾಗ. ಮಸ್ಸೂರಿಗೆ, ಹೃಷಿಕೇಶಕ್ಕೆ, ಚಾರ್‌ಧಾಮಕ್ಕೆ ಹೋಗುವ ದಾರಿಯಲ್ಲಿ ಒಂದು ರಾತ್ರಿ ತಂಗಿದರೆ ಹೆಚ್ಚು. ಊರಿಗೆ ಇದರಿಂದ ಅನ್ಯಾಯವೇ ಆಗಿದೆ. ಎರಡು ಮೂರು ದಿನ ಕೊಟ್ಟವರಿಗೆ ಸಾಲುವಷ್ಟು ಸರಕು ಇಲ್ಲಿದೆ; ಆದರೆ ಅದು ಪ್ರವಾಸೋದ್ಯಮದ ಪಟ್ಟಿಯಲ್ಲಿ ಮೊದಲು ಕಾಣುವ ಜಾಗಗಳಲ್ಲಿ ಅಷ್ಟಾಗಿ ಇಲ್ಲ.

ಕಣಿವೆ ಮತ್ತು ನೀರು

ಭೇಟಿಯನ್ನು ಯೋಜಿಸಲು ಒಳ್ಳೆಯ ದಾರಿ ನೀರಿನ ಜಾಡು ಹಿಡಿಯುವುದು. ನಗರದ ನಡುವೆ ಹಾಯುವ ಬಿಂದಾಲ್ ಮತ್ತು ಪೂರ್ವದ ರಿಸ್ಪನಾ ಹೊಳೆಗಳು ಸುಸ್ವಾ, ಸೋಂಗ್ ನದಿಗಳ ಮೂಲಕ ಗಂಗೆಯನ್ನು ಸೇರುತ್ತವೆ. ಪಶ್ಚಿಮದಲ್ಲಿ ಹರಿಯುವ ಟೋಂಸ್ ಹೊಳೆ ಆಸನ್ ನದಿಗೆ ಬಿದ್ದು ಯಮುನೆಗೆ ಹೋಗುತ್ತದೆ. ಹೀಗಾಗಿ ಎರಡು ಮಹಾನದಿಗಳ ಜಲವಿಭಾಜಕ ಈ ಊರಿನ ಮೇಲೆಯೇ ಹಾದುಹೋಗಿದೆ. ನೋಡತಕ್ಕ ಸ್ಥಳಗಳೂ ಸರಿಸುಮಾರು ಹಾಗೆಯೇ ಹಂಚಿಕೊಂಡಿವೆ. ಒಂದು ದಿನ ಗಂಗೆಯ ಕಡೆಗೆ, ಒಂದು ದಿನ ಯಮುನೆಯ ಕಡೆಗೆ, ಉಳಿದ ದಿನ ಬೆಟ್ಟಕ್ಕೆ ಎಂದು ಗೊತ್ತುಮಾಡಿಕೊಂಡರೆ ನಗರದ ನಡುವಿನ ವಾಹನದಟ್ಟಣೆಯಲ್ಲಿ ಅತ್ತಿಂದಿತ್ತ ಅಲೆಯುವುದು ತಪ್ಪುತ್ತದೆ.

ಕಣಿವೆಯ ತಳದಲ್ಲಿರುವುದು ಹಿಮಾಲಯದಿಂದ ಕೊಚ್ಚಿಬಂದ ಉರುಟುಕಲ್ಲು ಮತ್ತು ಜಲ್ಲಿಯ ದಪ್ಪ ಪದರ. ನೀರು ಅದರೊಳಗೆ ಇಂಗಿಬಿಡುತ್ತದೆ. ಆದ್ದರಿಂದ ವರ್ಷದ ಹೆಚ್ಚಿನ ಕಾಲ ಇಲ್ಲಿನ ಹೊಳೆಗಳು ಬಿಳಿಗಲ್ಲಿನ ಅಗಲವಾದ ಪಾತ್ರಗಳಾಗಿ ಒಣಗಿ ಬಿದ್ದಿರುತ್ತವೆ. ಸ್ಥಳೀಯರು ‘ರಾವ್’ ಎನ್ನುವ ಈ ಹಳ್ಳಗಳು ಮಳೆಗಾಲದಲ್ಲಿ ಅರ್ಧ ಗಂಟೆಯಲ್ಲಿ ತುಂಬಿಬರಬಲ್ಲವು. ವರ್ಷಕ್ಕೆ ಸುಮಾರು 2000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜುಲೈ, ಆಗಸ್ಟ್ ಮತ್ತು ಸೆಪ್ಟೆಂಬರ್ ಮೊದಲ ಭಾಗದಲ್ಲಿ ಬೀಳುತ್ತದೆ. 2025ರ ಸೆಪ್ಟೆಂಬರ್ ನಡುವೆ ಒಂದೇ ರಾತ್ರಿ ಸುರಿದ ಮಳೆಗೆ ಸಹಸ್ರಧಾರಾದ ಅಂಗಡಿಗಳು ಕೊಚ್ಚಿಹೋದವು, ಟಪಕೇಶ್ವರ ದೇವಸ್ಥಾನದ ಅಂಗಳ ಹೊಳೆಯಲ್ಲಿ ಮುಳುಗಿತು, ಜೀವಹಾನಿಯೂ ಆಯಿತು. ಹೊಳೆಯಂಚಿನಲ್ಲಿ ಕೋಣೆ ಹಿಡಿಯುವ ಆಸೆಯನ್ನು ಮಳೆಗಾಲದಲ್ಲಿ ಬಿಟ್ಟುಬಿಡುವುದೇ ಕ್ಷೇಮ.

ಮಾರ್ಚ್–ಏಪ್ರಿಲ್, ಅಕ್ಟೋಬರ್–ನವೆಂಬರ್ ಅತ್ಯುತ್ತಮ ಕಾಲ. ಮೇ, ಜೂನ್ ತಿಂಗಳಲ್ಲಿ ಉಷ್ಣಾಂಶ 36 ಡಿಗ್ರಿಯ ಆಚೀಚೆ ಇರುತ್ತದೆ, ಕೆಲವು ದಿನ 40 ಮುಟ್ಟುತ್ತದೆ. ಆ ಕಾಲಕ್ಕೆ ಬರುವ ಒಂದೇ ಸಮಾಧಾನವೆಂದರೆ ಲಿಚಿ ಹಣ್ಣು. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಉಷ್ಣಾಂಶ 5 ಡಿಗ್ರಿಯ ಹತ್ತಿರಕ್ಕೆ ಇಳಿದರೂ ಹಗಲು ಹಿತವಾದ ಬಿಸಿಲು. ನಗರದಲ್ಲಿ ಹಿಮ ಬೀಳುವುದಿಲ್ಲ. ಅದನ್ನೇ ಬಯಸುವವರು ಮೇಲೆ ಮಸ್ಸೂರಿ, ಧನೌಲ್ಟಿ ಕಡೆ ಹೋಗಬೇಕು. ಅಲ್ಲಿಯೂ ಅದೃಷ್ಟ ಬೇಕು. ಚಳಿಗಾಲದ ನಿಜವಾದ ತೊಡಕು ದಿಲ್ಲಿ ಬಯಲಿನ ಮಂಜು. ರೈಲು, ವಿಮಾನ ಎರಡೂ ಗಂಟೆಗಟ್ಟಲೆ ತಡವಾಗುವುದರಿಂದ ದಿಲ್ಲಿಯಲ್ಲಿ ವಿಮಾನ ಬದಲಿಸುವವರು ನಡುವೆ ಧಾರಾಳವಾಗಿ ಹೊತ್ತು ಬಿಟ್ಟುಕೊಳ್ಳಬೇಕು.

ಬರುವ ದಾರಿ

ಜಾಲಿಗ್ರ್ಯಾಂಟ್ ವಿಮಾನ ನಿಲ್ದಾಣ ನಗರದಿಂದ 25 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಬೆಂಗಳೂರಿನಿಂದ ನೇರ ವಿಮಾನವಿದೆ; ದಿಲ್ಲಿ, ಮುಂಬೈಗಳ ಮೂಲಕವೂ ಬರಬಹುದು. ನಿಲ್ದಾಣ ಇರುವುದು ಕಣಿವೆಯ ಪೂರ್ವಭಾಗದಲ್ಲಿ. ಅಲ್ಲಿಂದ ಹೃಷಿಕೇಶ ಡೆಹ್ರಾಡೂನ್‌ಗಿಂತ ಹತ್ತಿರ. ಹೃಷಿಕೇಶವನ್ನೂ ಸೇರಿಸಿಕೊಂಡವರು ಅದನ್ನು ಮೊದಲ ದಿನಕ್ಕೋ ಕೊನೆಯ ದಿನಕ್ಕೋ ಇಟ್ಟುಕೊಂಡರೆ ಅರ್ಧ ದಿನ ಉಳಿಯುತ್ತದೆ.

ರೈಲು ಹರಿದ್ವಾರದಿಂದ ಇಲ್ಲಿಗೆ ಬಂದದ್ದು 1900ರಲ್ಲಿ. ಹಳಿ ಇಲ್ಲಿಗೇ ಮುಗಿಯುತ್ತದೆ. ದಿಲ್ಲಿಯಿಂದ ಶತಾಬ್ದಿ ರೈಲು ಸುಮಾರು ಆರು ಗಂಟೆ ತೆಗೆದುಕೊಳ್ಳುತ್ತದೆ. 2023ರ ಮೇ ತಿಂಗಳಲ್ಲಿ ಶುರುವಾದ ವಂದೇ ಭಾರತ್ ಐದು ಗಂಟೆಯೊಳಗೆ ತಲುಪುತ್ತದೆ. ಹರಿದ್ವಾರ ದಾಟಿದ ಮೇಲೆ ರೈಲು ನಿಧಾನವಾದರೆ ಗೊಣಗಬೇಕಿಲ್ಲ. ಹಳಿ ರಾಜಾಜಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನೊಳಗೆ ಸಾಗುತ್ತದೆ, ಆನೆಗಳು ಹಳಿ ದಾಟುವ ಜಾಗವದು. ಹಿಂದೆ ಹಲವು ಆನೆಗಳು ರೈಲಿಗೆ ಸಿಕ್ಕಿ ಸತ್ತಿವೆ, ಅದಕ್ಕೇ ವೇಗದ ಮಿತಿ.

ರಸ್ತೆಯಲ್ಲಿ ಬರುವವರು ಸಹಾರನಪುರದ ಬಯಲು ದಾಟಿ ಮೋಹಂಡ್ ಬಳಿ ಶಿವಾಲಿಕ್ ಗುಡ್ಡಗಳನ್ನು ಹೊಕ್ಕು ಒಂದು ಸುರಂಗದ ಮೂಲಕ ಕಣಿವೆಗೆ ಇಳಿಯುತ್ತಾರೆ. ಸುರಂಗದ ಬಾಯಲ್ಲಿರುವ ದಾತ್ ಕಾಳಿ ಗುಡಿಯ ಮುಂದೆ ಹಾರ ಹಾಕಿಸಿಕೊಂಡ ಹೊಸ ಕಾರು, ಸ್ಕೂಟರುಗಳು ನಿಂತಿರುತ್ತವೆ. ಊರಿನವರು ಹೊಸ ಗಾಡಿ ಕೊಂಡರೆ ಮೊದಲ ಓಟ ಇಲ್ಲಿಗೆ. ದಿಲ್ಲಿ–ಡೆಹ್ರಾಡೂನ್ ಎಕ್ಸ್‌ಪ್ರೆಸ್‌ವೇ ಯೋಜನೆಯಲ್ಲಿ ಈ ಕಾಡಿನ ಭಾಗಕ್ಕೆ ಸುಮಾರು 12 ಕಿ.ಮೀ. ಉದ್ದದ ಎತ್ತರಿಸಿದ ರಸ್ತೆ ಕಟ್ಟಿದ್ದಾರೆ. ಪ್ರಾಣಿಗಳು ಕೆಳಗೆ ಓಡಾಡಲಿ ಎಂಬುದು ಉದ್ದೇಶ.

ಊರೊಳಗೆ ಓಡಾಡಲು ಆಟೊ, ಇ–ರಿಕ್ಷಾ, ಸಿಟಿ ಬಸ್ಸು, ಆ್ಯಪ್ ಟ್ಯಾಕ್ಸಿಗಳಿವೆ. ಹಂಚಿಕೊಂಡು ಹೋಗುವ ದೊಡ್ಡ ಆಟೊಗಳಿಗೆ ಇಲ್ಲಿ ‘ವಿಕ್ರಮ್’ ಎಂದೇ ಹೆಸರು. ಬಸ್ಸಿನಂತೆ ಅವುಗಳಿಗೂ ನಂಬರು, ಗೊತ್ತಾದ ದಾರಿ. ಮಸ್ಸೂರಿಗೆ ಹೋಗುವ ಬಸ್ಸು ಹೊರಡುವುದು ರೈಲು ನಿಲ್ದಾಣದ ಪಕ್ಕದಿಂದ, ದಿಲ್ಲಿ ಕಡೆಯ ಬಸ್ಸುಗಳು ಊರಿನ ದಕ್ಷಿಣದ ಐಎಸ್‌ಬಿಟಿಯಿಂದ. ಇವೆರಡನ್ನು ಅದಲುಬದಲು ಮಾಡಿಕೊಂಡರೆ ಬಸ್ಸು ತಪ್ಪುವುದು ಖಂಡಿತ.

ಊರಿನ ಮೂಲ

ಸಿಖ್ಖರ ಏಳನೆಯ ಗುರು ಹರ್ ರಾಯ್ ಅವರ ಹಿರಿಯ ಮಗ ರಾಮ್ ರಾಯ್. ಔರಂಗಜೇಬನ ಆಸ್ಥಾನದಲ್ಲಿ ಬಾದಶಹನನ್ನು ಮೆಚ್ಚಿಸಲು ಗುರುವಾಣಿಯ ಪದವೊಂದನ್ನು ತಿರುಚಿದನೆಂಬ ಕಾರಣಕ್ಕೆ ತಂದೆ ಅವನನ್ನು ದೂರವಿಟ್ಟರು. ಅವನು 1676ರ ಹೊತ್ತಿಗೆ ಈ ಕಣಿವೆಗೆ ಬಂದು ಬಿಡಾರ ಹೂಡಿದ. ಗಢವಾಲದ ಅರಸು ಫತೇಶಾಹ ಹಳ್ಳಿಗಳನ್ನು ಉಂಬಳಿ ಬಿಟ್ಟ. ಆ ಬಿಡಾರದ ಸುತ್ತ ಊರು ಬೆಳೆಯಿತು. ರಾಮ್ ರಾಯ್ ತೀರಿಕೊಂಡ ಮೇಲೆ ಅವನ ಪತ್ನಿ ಮಾತಾ ಪಂಜಾಬ್ ಕೌರ್ ವ್ಯವಹಾರ ನೋಡಿಕೊಂಡರು.

ಝಂಡಾ ಬಜಾರಿನ ಗಲ್ಲಿಗಳ ನಡುವೆ ಇರುವ ದರ್ಬಾರ್ ಸಾಹಿಬ್ ನಗರದ ಅತ್ಯಂತ ಹಳೆಯ ಮುಖ್ಯ ಕಟ್ಟಡ. ಗುಮ್ಮಟ, ಮಿನಾರುಗಳ ಮೊಗಲ್ ಶೈಲಿ. ಗೋಡೆ ಕಮಾನುಗಳ ತುಂಬ ಬಳ್ಳಿ, ಹೂವು, ಪುರಾಣದ ಪ್ರಸಂಗಗಳ ಬಣ್ಣದ ಚಿತ್ರಗಳು. ಕೆಲವು ಮಾಸಿವೆ, ಆದರೂ ಗಢವಾಲದ ಭಿತ್ತಿಚಿತ್ರಗಳನ್ನು ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನಗರದಲ್ಲಿಲ್ಲ. ಹೋಳಿಯ ನಂತರದ ಐದನೆಯ ದಿನ ಇಲ್ಲಿ ಝಂಡಾ ಮೇಳ. ಅಂಗಳದ ಎತ್ತರದ ಧ್ವಜಸ್ತಂಭವನ್ನು ಇಳಿಸಿ, ಹಾಲು ಮೊಸರು ಗಂಗಾಜಲಗಳಲ್ಲಿ ತೊಳೆದು, ಭಕ್ತರು ಹರಕೆಯಾಗಿ ತಂದ ಬಟ್ಟೆಯ ಗವಸುಗಳನ್ನು ಒಂದರ ಮೇಲೊಂದು ತೊಡಿಸಿ, ಸಾವಿರಾರು ಕೈಗಳು ಸೇರಿ ಮತ್ತೆ ನಿಲ್ಲಿಸುತ್ತವೆ. ಮುಖ್ಯ ಗವಸಿನ ಸರದಿಗಾಗಿ ವರ್ಷಗಟ್ಟಲೆ ಕಾಯುವ ಮನೆತನಗಳಿವೆ. ಪಂಜಾಬ್, ಹರಿಯಾಣಗಳಿಂದ ಬರುವ ಜನರಿಂದ ಆ ವಾರ ಊರು ತುಂಬಿರುತ್ತದೆ. ಮಾರ್ಚಿಗೆ ಬರುವವರು ಹೋಳಿಯ ದಿನಾಂಕ ನೋಡಿಕೊಂಡು ಕೋಣೆ ಕಾದಿರಿಸಬೇಕು.

ಗಂಗೆಯ ಕಡೆ

1804ರಲ್ಲಿ ಖುಡ್‌ಬುಡಾ ಬಳಿಯ ಕದನದಲ್ಲಿ ಗಢವಾಲದ ಅರಸು ಪ್ರದ್ಯುಮ್ನ ಶಾಹ ಗೂರ್ಖರ ಕೈಯಲ್ಲಿ ಮಡಿದ. ಹತ್ತು ವರ್ಷ ಗೂರ್ಖ ಆಳ್ವಿಕೆ ನಡೆಯಿತು. 1814ರ ಅಕ್ಟೋಬರ್ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ನಾಲಾಪಾನಿ ಗುಡ್ಡದ ಮೇಲಿನ ಖಲಂಗಾ ಕೋಟೆಗೆ ಮುತ್ತಿಗೆ ಹಾಕಿತು. ಒಳಗಿದ್ದವರು ಹೆಂಗಸರು ಮಕ್ಕಳೂ ಸೇರಿ ಸುಮಾರು 600 ಮಂದಿ. ನಾಯಕ ಬಲಭದ್ರ ಕುಂವರ್. ಮೊದಲ ದಾಳಿಯಲ್ಲೇ ಕಂಪನಿಯ ಸೇನಾಪತಿ ಜನರಲ್ ಜಿಲೆಸ್ಪಿ ಸತ್ತ. ತಿಂಗಳ ಕಾಲ ಫಿರಂಗಿಗೆ ಜಗ್ಗದ ಕೋಟೆ ಕೊನೆಗೆ ಸೋತದ್ದು ನೀರಿಗೆ: ಹೊರಗಿನಿಂದ ಬರುವ ನೀರನ್ನು ತಡೆದ ಮೇಲೆ ನವೆಂಬರ್ 30ರಂದು ಬಲಭದ್ರ ಉಳಿದ ಎಪ್ಪತ್ತು ಜನರೊಡನೆ ಕೋಟೆ ಬಿಟ್ಟು ನಡೆದುಹೋದ.

ಸಹಸ್ರಧಾರಾ ರಸ್ತೆಯ ಪಕ್ಕ ಒಂದೇ ಆವರಣದಲ್ಲಿ ಎರಡು ಬಿಳಿ ಸ್ತಂಭಗಳಿವೆ. ಒಂದು ಜಿಲೆಸ್ಪಿ ಮತ್ತು ಅವನ ಕಡೆಯ ಸತ್ತವರಿಗೆ, ಇನ್ನೊಂದು ಬಲಭದ್ರ ಮತ್ತು ಅವನ ಗೂರ್ಖರಿಗೆ. ಎರಡನ್ನೂ ನಿಲ್ಲಿಸಿದವರು ಗೆದ್ದ ಕಂಪನಿಯವರೇ. ಎದುರಾಳಿಗೆ ಗೆದ್ದವರು ಕಟ್ಟಿಸಿದ ಸ್ಮಾರಕ ಎಂದು ಮಾರ್ಗದರ್ಶಕರು ಇದನ್ನು ಬಹಳ ಹೊಗಳುತ್ತಾರೆ. ಅದರಲ್ಲಿ ಲೆಕ್ಕಾಚಾರವೂ ಇತ್ತು. ಮರುವರ್ಷವೇ ಕಂಪನಿ ಗೂರ್ಖ ಪಡೆಗಳನ್ನು ಕಟ್ಟತೊಡಗಿತು. ಫ್ರೆಡರಿಕ್ ಯಂಗ್ ಕಟ್ಟಿದ ಸಿರ್‌ಮೋರ್ ಪಡೆ ಮುಂದೆ ಡೆಹ್ರಾಡೂನನ್ನೇ ನೆಲೆ ಮಾಡಿಕೊಂಡಿತು. ಇಂದಿಗೂ ನಗರದಲ್ಲಿ ಗೂರ್ಖಾಲಿ ಸಮುದಾಯ ದೊಡ್ಡದು. ಖಲಂಗಾ ಗುಡ್ಡದ ಮೇಲೆ ಸಾಲವೃಕ್ಷಗಳ ಕಾಡಿದೆ. ಬೆಳಿಗ್ಗೆ ಹತ್ತಿಹೋದರೆ ಕಣಿವೆಯ ಉದ್ದಗಲ ಕಾಣುತ್ತದೆ.

ಇದೇ ರಸ್ತೆಯ ಕೊನೆಯಲ್ಲಿರುವ ಸಹಸ್ರಧಾರಾದಲ್ಲಿ ಸುಣ್ಣಕಲ್ಲಿನ ಬಂಡೆಗಳಿಂದ ನೀರು ತೊಟ್ಟಿಕ್ಕುತ್ತದೆ, ಗಂಧಕದ ಒಂದು ಬುಗ್ಗೆಯೂ ಇದೆ. ರಜಾದಿನದ ಜನಜಂಗುಳಿಯಲ್ಲಿ ಎರಡೂ ಕಾಣುವುದು ಕಷ್ಟ. ಈ ಸುಣ್ಣಕಲ್ಲಿಗೆ ಬೇರೊಂದು ಕಥೆಯಿದೆ. ಮಸ್ಸೂರಿ ಬೆಟ್ಟದ ಇಳಿಜಾರಿನ ಗಣಿಗಳು ಕಾಡನ್ನೂ ಒರತೆಗಳನ್ನೂ ಹಾಳುಮಾಡುತ್ತಿವೆ ಎಂದು ಡೆಹ್ರಾಡೂನಿನದೇ ಸಂಸ್ಥೆಯೊಂದು 1983ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆಯಿತು. ಕೋರ್ಟು ಅದನ್ನೇ ಅರ್ಜಿಯಾಗಿ ಸ್ವೀಕರಿಸಿ 1985ರಲ್ಲಿ ಹಲವು ಗಣಿಗಳನ್ನು ಮುಚ್ಚಿಸಿತು. ದೇಶದ ಪರಿಸರ ಮೊಕದ್ದಮೆಗಳ ಇತಿಹಾಸ ಇಲ್ಲಿಂದ ಶುರುವಾಗುತ್ತದೆ ಎಂದರೂ ಸಲ್ಲುತ್ತದೆ. ಬೆಟ್ಟ ಮತ್ತೆ ಹಸಿರಾಗಿದೆ. ಕೆಳಗೆ ನಗರದಲ್ಲಿ ರಿಸ್ಪನಾ, ಬಿಂದಾಲ್‌ಗಳು ಚರಂಡಿಗಳಾಗಿವೆ. ರಾಜಪುರದಿಂದ ಊರಿಗೆ ನೀರು ತರುತ್ತಿದ್ದ ಹಳೆಯ ಕಾಲುವೆಗಳನ್ನು ಮುಚ್ಚಿ ರಸ್ತೆ ಅಗಲಿಸಿದ್ದಾರೆ. ಈಸ್ಟ್ ಕೆನಾಲ್ ರೋಡ್ ಎಂಬ ವಿಳಾಸ ಮಾತ್ರ ಉಳಿದಿದೆ.

ಬೆಟ್ಟ, ಸರಪಳಿ, ತ್ರಿಕೋನಗಳು

ಉತ್ತರದ ದಾರಿ ರಾಜಪುರ ರಸ್ತೆ. ಆರು ಮುಖದ ಘಂಟಾಘರ್ ಗಡಿಯಾರ ಗೋಪುರದಿಂದ ಹೊರಟು, ಹಳೆಯ ಬಂಗಲೆಗಳು ಮತ್ತು ಹೊಸ ಮಾಲುಗಳ ನಡುವೆ ಹತ್ತುತ್ತದೆ. ಈ ದಾರಿಯ ಪಕ್ಕದ ಹಾಥಿಬಡ್ಕಲಾದಲ್ಲಿ ಸರ್ವೆ ಆಫ್ ಇಂಡಿಯಾದ ಕೇಂದ್ರ ಕಚೇರಿ. 1767ರಲ್ಲಿ ಹುಟ್ಟಿದ ಈ ಇಲಾಖೆಯ ಮಹಾ ತ್ರಿಕೋನಮಿತಿ ಸಮೀಕ್ಷೆಗೆ ಕರ್ನಾಟಕದ ನೇರ ನಂಟಿದೆ. ಟಿಪ್ಪುವಿನ ಪತನದ ನಂತರ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಉಕ್ಕಿನ ಸರಪಳಿ ಹಾಸಿ ಆಧಾರರೇಖೆ ಅಳೆದು ಪ್ರಯೋಗ ಮಾಡಿದ. 1802ರಲ್ಲಿ ಮದ್ರಾಸಿನಲ್ಲಿ ಮುಖ್ಯ ಕೆಲಸ ಆರಂಭಿಸಿದ. ಅಲ್ಲಿಂದ ಕಟ್ಟಿಕೊಂಡು ಬಂದ ತ್ರಿಕೋನಗಳು ಸರಿಯಿವೆಯೇ ಎಂದು 1804ರಲ್ಲಿ ಮತ್ತೆ ಬೆಂಗಳೂರಿನಲ್ಲಿ ತಾಳೆ ನೋಡಿದರು. ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ಆ ಸಾಲನ್ನು ಉತ್ತರಕ್ಕೆ ಒಯ್ದು, 1834–35ರಲ್ಲಿ ಇದೇ ದೂನ್ ಕಣಿವೆಯಲ್ಲಿ ಇನ್ನೊಂದು ಆಧಾರರೇಖೆ ಅಳೆದು ಮುಗಿಸಿದ. ಅವನ ಕೈಕೆಳಗೆ ಇಲ್ಲಿ ಪಳಗಿದ ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದರ್ ಮುಂದೆ 1852ರಲ್ಲಿ ಸಮೀಕ್ಷೆಯ ಪಟ್ಟಿಯ ಹದಿನೈದನೆಯ ಶಿಖರವೇ ಜಗತ್ತಿನಲ್ಲಿ ಅತಿ ಎತ್ತರದ್ದೆಂದು ಲೆಕ್ಕ ಹಾಕಿದ. ಶಿಖರಕ್ಕೆ ಹೆಸರು ಬಂದದ್ದು ಎವರೆಸ್ಟನದು.

ಎವರೆಸ್ಟ್ ವಾಸವಿದ್ದ ಮನೆ ಮಸ್ಸೂರಿಯ ಹಾಥಿಪಾಂವ್‌ನಲ್ಲಿದೆ. ಮಸ್ಸೂರಿ ಡೆಹ್ರಾಡೂನಿನಿಂದ ಸುಮಾರು 35 ಕಿ.ಮೀ., ಎತ್ತರ 2000 ಮೀಟರಿನ ಆಸುಪಾಸು. ವಾರದ ದಿನ ಒಂದೂವರೆ ಗಂಟೆಯ ದಾರಿ. ಮೇ–ಜೂನಿನ ಶನಿವಾರ ಅದು ಎಷ್ಟಾದರೂ ಆಗಬಹುದು. ಮಂಗಳವಾರವೋ ಬುಧವಾರವೋ ಹೋಗಿ, ಮಾಲ್ ರಸ್ತೆಯನ್ನು ಬೇಗ ದಾಟಿ ಲಂಡೌರ್ ಕಡೆ ದೇವದಾರು ಮರಗಳ ಕೆಳಗೆ ನಡೆಯುವುದು ಮೇಲು.

ಯಮುನೆಯ ಕಡೆ

ಪಶ್ಚಿಮದ ಚಕ್ರಾತಾ ರಸ್ತೆಯಲ್ಲಿ ಊರಿನ ದೊಡ್ಡ ಸಂಸ್ಥೆಗಳು ಸಾಲಾಗಿವೆ. ಡೆಹ್ರಾಡೂನಿನ ನಿಜವಾದ ಸ್ವಭಾವ ಇವುಗಳಲ್ಲೇ ಇದೆ. ದೇವಸ್ಥಾನದ ಪಟ್ಟಣವೂ ಅಲ್ಲದ, ಪೂರ್ತಿ ಗಿರಿಧಾಮವೂ ಅಲ್ಲದ ಈ ಊರನ್ನು ಕಟ್ಟಿದವರು ಸಮೀಕ್ಷಕರು, ಅರಣ್ಯಾಧಿಕಾರಿಗಳು, ಸೈನಿಕರು, ಶಾಲಾ ಮೇಷ್ಟರುಗಳು.

ಅರಣ್ಯ ಸಂಶೋಧನಾ ಸಂಸ್ಥೆ 1906ರದು. 1878ರಲ್ಲಿ ತೆರೆದ ಅರಣ್ಯ ಶಾಲೆ ಅದರ ಹಿನ್ನೆಲೆ. ವಾಸ್ತುಶಿಲ್ಪಿ ಬ್ಲೂಮ್‌ಫೀಲ್ಡ್ ವಿನ್ಯಾಸದ ಇಟ್ಟಿಗೆ ಕಟ್ಟಡವನ್ನು 1929ರಲ್ಲಿ ವೈಸರಾಯ್ ಇರ್ವಿನ್ ಉದ್ಘಾಟಿಸಿದ. ಗ್ರೀಕ್–ರೋಮನ್ ಕಂಬಸಾಲುಗಳು, ಒಳಗೊಳಗೇ ತೆರೆದುಕೊಳ್ಳುವ ಅಂಗಳಗಳು. ಸಿನಿಮಾದವರಿಗೆ ಇದು ಅಚ್ಚುಮೆಚ್ಚು. ಚಿತ್ರ ತೆಗೆಸಿಕೊಂಡು ಹುಲ್ಲುಹಾಸಿನಿಂದಲೇ ಹಿಂದಿರುಗುವವರೇ ಹೆಚ್ಚು. ಒಳಗಿನ ಆರು ವಸ್ತುಸಂಗ್ರಹಾಲಯಗಳನ್ನು ಬಿಡಬಾರದು. ಮರದ ವಿಭಾಗದಲ್ಲಿ 700 ವರ್ಷ ಮೀರಿ ಬಾಳಿದ ದೇವದಾರು ಮರದ ಅಡ್ಡಕೊಯ್ತದ ಒಂದು ದೊಡ್ಡ ಬಿಲ್ಲೆಯಿದೆ. ವರ್ಷದ ಉಂಗುರಗಳನ್ನು ಅಂಚಿನಿಂದ ಒಳಕ್ಕೆ ಎಣಿಸುತ್ತ ಹೋದರೆ ವಿಜಯನಗರ ಹುಟ್ಟುವುದಕ್ಕೂ ಹಿಂದಿನ ಕಾಲ ಮುಟ್ಟುತ್ತೇವೆ. ಉಂಗುರಗಳು ಕೂದಲೆಳೆಯಷ್ಟು ಒತ್ತೊತ್ತಾಗಿವೆಯಾದ್ದರಿಂದ ಎಣಿಕೆ ತಪ್ಪಿಯೇ ತಪ್ಪುತ್ತದೆ. ಒಳಗೆ ಹೋಗಲು ಟಿಕೆಟ್ ಇದೆ, ಹಗಲು ಮಾತ್ರ ಪ್ರವೇಶ.

ಇದರಾಚೆ ಭಾರತೀಯ ಸೇನಾ ಅಕಾಡೆಮಿ. 1932ರಲ್ಲಿ 40 ಮಂದಿಯ ಮೊದಲ ತಂಡದೊಡನೆ ಶುರುವಾಯಿತು. ಆ ತಂಡದಲ್ಲಿ ಮಾಣೆಕ್‌ಷಾ ಇದ್ದರು. ಜೂನ್ ಮತ್ತು ಡಿಸೆಂಬರಿನ ನಿರ್ಗಮನ ಪಥಸಂಚಲನದ ಹೊತ್ತಿಗೆ ಕೆಡೆಟ್‌ಗಳ ಹೆತ್ತವರಿಂದ ಹೋಟೆಲುಗಳು ತುಂಬುತ್ತವೆ. ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ನಗರದ ಇನ್ನೊಂದು ಭಾಗದಲ್ಲಿರುವ, 1922ರಲ್ಲಿ ತೆರೆದ ಮಿಲಿಟರಿ ಕಾಲೇಜಿನ ಮೊದಮೊದಲ ವಿದ್ಯಾರ್ಥಿಗಳಲ್ಲಿ ಕೊಡಗಿನ ಕೆ.ಎಸ್. ತಿಮ್ಮಯ್ಯ ಒಬ್ಬರು. 1935ರ ಡೂನ್ ಸ್ಕೂಲ್, ಒಎನ್‌ಜಿಸಿ, ವಾಡಿಯಾ ಭೂವಿಜ್ಞಾನ ಸಂಸ್ಥೆ, ವನ್ಯಜೀವಿ ಸಂಸ್ಥೆಗಳೂ ಇಲ್ಲಿವೆ. ಯಾತ್ರಿಕನಿಗೆ ಹೊರಗಿನ ಗೇಟು ಮಾತ್ರ. ಇದೇ ಪಶ್ಚಿಮದ ಕಡೆ, ಟೋಂಸ್ ಹೊಳೆಯ ದಂಡೆಯ ಟಪಕೇಶ್ವರ ಗುಹೆಯಲ್ಲಿ ಲಿಂಗದ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ.

ಊಟದ ಮಾತು ಇಲ್ಲಿಯೇ ಹೇಳಿಬಿಡಬಹುದು. ಗಢವಾಲಿ ಅಡುಗೆ ಕನ್ನಡಿಗರಿಗೆ ತೀರ ಪರಕೀಯವಲ್ಲ. ಮಂಡುವಾ ಎಂಬುದು ರಾಗಿ. ಅದನ್ನು ಗೋಧಿಯೊಡನೆಯೋ ಹಾಗೆಯೋ ರೊಟ್ಟಿ ತಟ್ಟಿ ತುಪ್ಪ ಸವರಿ ಕೊಡುತ್ತಾರೆ. ಗಹತ್ ಎಂದರೆ ಹುರುಳಿ. ನೆನೆಸಿ ರುಬ್ಬಿ ‘ಫಾಣು’ ಮಾಡುತ್ತಾರೆ. ಹುರಿದ ಉದ್ದಿನಿಂದ ‘ಚೈಂಸು’, ಪಾಲಕಿನಿಂದ ‘ಕಾಫುಲಿ’, ಊದಲಿನಿಂದ ‘ಝಂಗೋರಾ’ ಪಾಯಸ. ಸಾಮಾನ್ಯ ಹೋಟೆಲಿನಲ್ಲಿ ಇವು ಸಿಗವು, ಗಢವಾಲಿ ಥಾಲಿ ಎಂದು ಬೋರ್ಡು ಇರುವಲ್ಲಿ ಕೇಳಬೇಕು. ಪಲ್ಟನ್ ಬಜಾರಿನ ಸುತ್ತಿನ ಬೇಕರಿಗಳ ರಸ್ಕು, ಬಿಸ್ಕತ್ತು ಊರಿಗೆಲ್ಲ ಹೆಸರುವಾಸಿ. ದಕ್ಷಿಣದ ಕ್ಲೆಮೆಂಟ್ ಟೌನಿನಲ್ಲಿ ಟಿಬೆಟನ್ನರ ವಸತಿ, ಮಿಂಡ್ರೋಲಿಂಗ್ ಮಠದ ಬೃಹತ್ ಸ್ತೂಪ ಮತ್ತು ಬಿಸಿ ತುಕ್ಪಾ. ಡೆಹ್ರಾಡೂನ್ ಬಾಸುಮತಿಯ ಚೀಲಗಳು ಅಂಗಡಿಯಲ್ಲಿ ಬೇಕಾದಷ್ಟಿವೆ. ಅದು ಬೆಳೆಯುತ್ತಿದ್ದ ಗದ್ದೆಗಳ ಮೇಲೆ ಈಗ ಬಡಾವಣೆಗಳೆದ್ದಿರುವುದರಿಂದ ಚೀಲದ ಮೇಲಿನ ಹೆಸರನ್ನು ಪೂರ್ತಿ ನಂಬಬೇಕಿಲ್ಲ.

ಯಮುನೆಯ ದಿನದ ಉತ್ತರಾರ್ಧಕ್ಕೆ ಆಸನ್ ಬ್ಯಾರೇಜ್ ಮತ್ತು ಕಾಲ್ಸಿ. ನಗರದಿಂದ 40 ಕಿ.ಮೀ. ಆಸುಪಾಸಿನ ಆಸನ್ 2020ರಲ್ಲಿ ಉತ್ತರಾಖಂಡದ ಮೊದಲ ರಾಮ್‌ಸಾರ್ ಜೌಗುಪ್ರದೇಶವಾಯಿತು. ಅಕ್ಟೋಬರಿನಿಂದ ಮಾರ್ಚಿನವರೆಗೆ ಮಧ್ಯ ಏಷ್ಯಾ, ಟಿಬೆಟ್ ಕಡೆಯಿಂದ ಬರುವ ಕಿತ್ತಳೆ ಬಣ್ಣದ ಸುರ್ಖಾಬ್ ಬಾತುಗಳು ನೂರಾರು ಸಂಖ್ಯೆಯಲ್ಲಿ ಕಾಣುತ್ತವೆ. ಮುಂದೆ ಯಮುನೆಯ ದಂಡೆಯ ಕಾಲ್ಸಿಯಲ್ಲಿ ಅಶೋಕನ ಹದಿನಾಲ್ಕೂ ಬಂಡೆಶಾಸನಗಳಿವೆ. ಕರ್ನಾಟಕದ ಸನ್ನತಿಯ ಚಪ್ಪಡಿಯಲ್ಲಿ ಉಳಿದದ್ದು 12 ಮತ್ತು 14ನೆಯ ಶಾಸನಗಳ ಭಾಗಗಳು ಹಾಗೂ ಎರಡು ಪ್ರತ್ಯೇಕ ಶಾಸನಗಳು. ಇಲ್ಲಿ ಇಡೀ ಸರಣಿ ಒಂದೇ ಬಂಡೆಯ ಮೇಲಿದೆ, ದೂರದ ಐದು ಯವನ ರಾಜರನ್ನು ಹೆಸರಿಸುವ 13ನೆಯದೂ ಸೇರಿ. ಬಂಡೆಯ ಒಂದು ಬದಿಗೆ ರೇಖೆಯಲ್ಲಿ ಕೊರೆದ ಆನೆ, ಅದರ ಕಾಲುಗಳ ನಡುವೆ ‘ಗಜತಮೆ’ ಎಂದು ಬ್ರಾಹ್ಮಿ ಅಕ್ಷರಗಳು. ಪುರಾತತ್ವ ಇಲಾಖೆ ಬಂಡೆಗೆ ಸಣ್ಣ ಗುಮ್ಮಟದ ಕಟ್ಟಡ ಹೊದಿಸಿದೆ. ಒಳಗೆ ಬೆಳಕು ಕಡಿಮೆ, ಮಧ್ಯಾಹ್ನದೊಳಗೆ ತಲುಪಿದರೆ ಅಕ್ಷರಗಳು ಚೆನ್ನಾಗಿ ಕಾಣುತ್ತವೆ.

ಕಾಲ್ಸಿಯಿಂದ ರಸ್ತೆ ಜೌನ್‌ಸಾರ್ ಸೀಮೆಯ ಚಕ್ರಾತಾಕ್ಕೆ ಹತ್ತುತ್ತದೆ. ಚಕ್ರಾತಾ ಸೇನೆಯ ದಂಡುಪ್ರದೇಶ. ಭಾರತದ ಪ್ರಜೆಗಳಿಗೆ ತೊಂದರೆಯಿಲ್ಲ, ವಿದೇಶಿಯರಿಗೆ ಮುಂಗಡ ಅನುಮತಿ ಬೇಕು. ಅಮೆರಿಕದ ಪಾಸ್‌ಪೋರ್ಟ್ ಇರುವ ಮಕ್ಕಳು ಮೊಮ್ಮಕ್ಕಳನ್ನು ಕರೆದುಕೊಂಡು ಬಂದವರು ಅನುಮತಿ ಪಡೆದೇ ಹೊರಡಬೇಕು, ಇಲ್ಲವೇ ಕಾಲ್ಸಿಯಿಂದಲೇ ಗಾಡಿ ತಿರುಗಿಸಬೇಕು.